‘ಸರಿಮಾಡಿಸಲು’ ಕರೆದುಕೊಂಡು ಹೋದರು: ಗೇ ಹುಡುಗನ ಕಥೆಯನ್ನು ಕಿರುಚಿತ್ರ ಮಾಡುವ ವಿದ್ಯಾರ್ಥಿಗಳಿಗೆ

ಕೊನೆಯ ಸೆಮಿಸ್ಟರಿನ ಕಿರುಚಿತ್ರಕ್ಕೆ ನೀವು ಈ ವಿಷಯ ಆರಿಸಿಕೊಂಡಿದ್ದೀರಿ: ಹದಿನೇಳರ ಹುಡುಗ, ಅವನಿಗೆ ಹುಡುಗರ ಮೇಲೆ ಒಲವು. ಮನೆಯವರಿಗೆ ಗೊತ್ತಾಗುತ್ತದೆ, ಅವನನ್ನು ‘ಸರಿಮಾಡಿಸಲು’ ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ. ವಿಷಯ ಒಳ್ಳೆಯದು, ಮಾಡಲೇಬೇಕಾದದ್ದು. ತೊಂದರೆ ಶುರುವಾಗುವುದು ಸ್ಕ್ರಿಪ್ಟ್ ಬರೆಯಲು ಕೂತಾಗ. ಕತ್ತಲೆ ಕೋಣೆ, ಕುರ್ಚಿಗೆ ಕಟ್ಟಿದ ಕೈಗಳು, ಕರೆಂಟು, ಚೀತ್ಕಾರ, ಕೊನೆಗೆ ಒಂದು ಸಾವು. ಮೊದಲ ಡ್ರಾಫ್ಟು ಬಹುಪಾಲು ಹೀಗೇ ಇರುತ್ತದೆ. ನೋಡುವವರು ಹತ್ತು ನಿಮಿಷ ಮರುಗಿ, ‘ಅಯ್ಯೋ ಪಾಪ’ ಎಂದು ಎದ್ದು ಹೋಗುತ್ತಾರೆ. ತಮ್ಮ ಮನೆಯಲ್ಲೂ ಇಂಥದ್ದು ನಡೆದೀತು ಎಂದು ಒಬ್ಬರಿಗೂ ಅನ್ನಿಸುವುದಿಲ್ಲ. ಏಕೆಂದರೆ ತೆರೆಯ ಮೇಲಿರುವುದು ಅವರ ಮನೆಯಲ್ಲ, ಯಾವುದೋ ಹಾರರ್ ಸಿನಿಮಾದ ಆಸ್ಪತ್ರೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಬ್ಬ ವ್ಯಕ್ತಿಯ ಲೈಂಗಿಕ ಒಲವನ್ನು ಬದಲಿಸುತ್ತೇವೆಂದು ಮಾಡುವ ಯಾವುದೇ ಪ್ರಯತ್ನಕ್ಕೆ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಕೌನ್ಸೆಲಿಂಗ್, ಮಾತ್ರೆ, ಹಾರ್ಮೋನು, ಪ್ರಾರ್ಥನೆ, ಭೂತ ಬಿಡಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಸಲಿಂಗ ಒಲವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ಇದು ಮಾನಸಿಕ ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಬಹಿರಂಗವಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಾಯಿಲೆಯೇ ಇಲ್ಲದ ಮೇಲೆ ಗುಣಪಡಿಸಲು ಏನಿದೆ? ಈ ಚಿಕಿತ್ಸೆಯಿಂದ ಒಲವು ಬದಲಾಗುವುದಿಲ್ಲ. ಹುಡುಗ ಅದನ್ನು ಬಚ್ಚಿಡುವುದನ್ನು ಕಲಿಯುತ್ತಾನೆ, ಅಷ್ಟೇ. ನಿಮ್ಮ ಚಿತ್ರದ ಇಡೀ ಕಸುಬು ಈ ಮಾತಿನ ಮೇಲೆ ನಿಂತಿದೆ.

ಕ್ಯಾಮೆರಾ ಯಾರ ಮೇಲಿರಬೇಕು, ಏಕೆ

ನಮ್ಮ ಮನೆಗಳಲ್ಲಿ ಈ ಹಿಂಸೆ ದ್ವೇಷದ ರೂಪದಲ್ಲಿ ಬರುವುದು ಕಡಿಮೆ. ಅದು ಬರುವುದು ಕಾಳಜಿಯ ರೂಪದಲ್ಲಿ. ಮಗನಿಗೆ ಏನೋ ಆಗಿದೆ ಎಂದು ರಾತ್ರಿಯೆಲ್ಲ ನಿದ್ದೆಗೆಡುವ ಅಮ್ಮನೇ ಬೆಳಿಗ್ಗೆ ತಾಯತ ಕಟ್ಟುತ್ತಾಳೆ. ಸಾಲ ಮಾಡಿ ಫೀಸು ಕಟ್ಟುವ ಅಪ್ಪನೇ ಡಾಕ್ಟರ ಮುಂದೆ ಕೈಮುಗಿದು ‘ಹೇಗಾದ್ರೂ ಮಾಡಿ ಸರಿಮಾಡಿ ಸಾರ್’ ಎನ್ನುತ್ತಾನೆ. ಹುಡುಗನಿಗೆ ಎದುರು ನಿಲ್ಲುವುದು ಕಷ್ಟವಾಗುವುದೂ ಇದಕ್ಕೇ. ಹೊಡೆಯುವವರ ಕೈಯಿಂದ ತಪ್ಪಿಸಿಕೊಂಡು ಓಡಬಹುದು, ತಟ್ಟೆಗೆ ತುಪ್ಪ ಬಡಿಸುತ್ತಾ ಅಳುವವಳಿಂದ ಎಲ್ಲಿಗೆ ಓಡುವುದು?

ಆದ್ದರಿಂದ ಚಿಕಿತ್ಸೆಯ ಕೋಣೆಗಿಂತ ಅಲ್ಲಿಗೆ ಹೋಗುವ ದಾರಿಯನ್ನು ಚಿತ್ರಿಸಿ. ಜೋಯಲ್ ಎಡ್ಗರ್ಟನ್ ನಿರ್ದೇಶನದ ‘ಬಾಯ್ ಇರೇಸ್ಡ್’ (2018) ಅಮೆರಿಕದ ಅರ್ಕಾನ್ಸಾದ ಪಾದ್ರಿಯೊಬ್ಬರ ಮಗನ ಕಥೆ, ಗ್ಯಾರಾರ್ಡ್ ಕಾನ್ಲೀ ಅವರ ಆತ್ಮಕಥನವನ್ನು ಆಧರಿಸಿದ್ದು. ಅದರಲ್ಲಿ ಶಿಬಿರದ ದೃಶ್ಯಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ತಾಯಿಯ ಪಾತ್ರ. ಮಗನನ್ನು ತಾನೇ ಶಿಬಿರಕ್ಕೆ ಬಿಟ್ಟು, ಹತ್ತಿರದ ಹೋಟೆಲಿನಲ್ಲಿ ಅವನ ಜೊತೆ ತಂಗುವವಳು ಅವಳು. ಕೊನೆಗೆ ಅಲ್ಲಿಂದ ಬಿಡಿಸಿಕೊಂಡು ಬರುವವಳೂ ಅವಳೇ. ಡೆಸಿರೀ ಅಖವನ್ ನಿರ್ದೇಶನದ ‘ದಿ ಮಿಸ್‌ಎಜುಕೇಶನ್ ಆಫ್ ಕ್ಯಾಮರನ್ ಪೋಸ್ಟ್’ (2018) ಹದಿಹರೆಯದ ಹುಡುಗಿಯೊಬ್ಬಳನ್ನು ಶಿಬಿರಕ್ಕೆ ಸೇರಿಸುವ ಕಥೆ. ಅಲ್ಲಿಯೂ ನಡೆಸುವವರು ಕೂಗಾಡುವ ರಾಕ್ಷಸರಲ್ಲ, ಮೆಲುಮಾತಿನವರು. ಎರಡನ್ನೂ ನೋಡಿ, ಆದರೆ ಅವುಗಳ ಚರ್ಚು, ಬೈಬಲ್ ಶಿಬಿರಗಳನ್ನು ಹಾಗೇ ಎತ್ತಿ ಇಲ್ಲಿಗೆ ತರಬೇಡಿ. ನಮ್ಮಲ್ಲಿ ಈ ಹುಡುಗ ನಡೆದು ಹೋಗುವ ದಾರಿ ಬೇರೆ. ಜಾತಕ ತೋರಿಸುವುದು, ಹರಕೆ ಹೊರುವುದು, ಮೈಮೇಲೆ ಬರುವ ಪೂಜಾರಿಯನ್ನು ಕೇಳುವುದು, ‘ನರದ ಡಾಕ್ಟ್ರು’, ದೂರದ ಹಾಸ್ಟೆಲು, ಯಾವುದೂ ನಡೆಯದಿದ್ದರೆ ‘ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ’.

ಹಂತಗಳು

1. ಬರೆಯುವ ಮೊದಲು ಕಲಿಯಿರಿ. ಮದುರೈಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರು ಮನೆಯವರಿಂದ ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಸಲಿಂಗ ಒಲವಿನ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕೂತು ಕಲಿತು, ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ಲೈಂಗಿಕ ಒಲವನ್ನು ವೈದ್ಯಕೀಯವಾಗಿ ಬದಲಿಸುವ ಪ್ರಯತ್ನಗಳನ್ನು ನಿಷೇಧಿಸಬೇಕು ಎಂದದ್ದು ಅದೇ ಆದೇಶ. ನ್ಯಾಯಾಧೀಶರೇ ಪಾಠಕ್ಕೆ ಕೂತರೆಂದ ಮೇಲೆ ನಾವೂ ಕೂರಬಹುದು. ಕನ್ನಡದಲ್ಲೇ ಓದಬೇಕೆಂದರೆ ವಸುಧೇಂದ್ರರ ‘ಮೋಹನಸ್ವಾಮಿ’ (2013) ಇದೆ. ಸಣ್ಣ ಊರಿನ ಗೇ ಹುಡುಗನೊಬ್ಬ ತನ್ನ ಒಳಗನ್ನು ಕನ್ನಡದಲ್ಲೇ ಹೇಗೆ ಬದುಕುತ್ತಾನೆ ಎಂಬುದು ಅಲ್ಲಿ ಸಿಗುತ್ತದೆ. ಮಂಡ್ಯ ಮೂಲದ ಶ್ರೀಧರ್ ರಂಗಾಯನ್ ಅವರ ‘ಈವ್ನಿಂಗ್ ಶ್ಯಾಡೋಸ್’ (2018) ಚಿತ್ರದಲ್ಲಿ ಮಗನ ಸತ್ಯ ಕೇಳಿದ ತಾಯಿ ದಕ್ಷಿಣ ಭಾರತದ ಸಂಪ್ರದಾಯಸ್ಥ ಮನೆಯವಳು. ಮನೆಯೊಳಗಿನ ಮೌನವನ್ನು ಹೇಗೆ ತೋರಿಸಬೇಕೆಂಬುದಕ್ಕೆ ಅದನ್ನು ನೋಡಿ.

2. ಅನುಭವಿಸಿದವರನ್ನು ಮಾತಾಡಿಸುವಾಗ ನಿಧಾನವಾಗಿರಿ. ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಹಂತ. ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವ ಸಂಘಟನೆಗಳು ಬೆಂಗಳೂರಿನಲ್ಲಿ ತೊಂಬತ್ತರ ದಶಕದಿಂದಲೂ ಇವೆ, ಅವರ ಮೂಲಕವೇ ಹೋಗಿ. ಕ್ಲಾಸಿನಲ್ಲಿ ‘ಇವನು ಅಂಥವನಂತೆ’ ಎಂದು ಪಿಸುಗುಡಿಸಿಕೊಳ್ಳುವ ಸಹಪಾಠಿಯ ಹತ್ತಿರ ಹೋಗಿ ಕೇಳಲೇಬೇಡಿ. ವಯಸ್ಕರೊಂದಿಗೆ ಮಾತ್ರ ಮಾತಾಡಿ. ‘ಅವತ್ತು ಏನೇನು ಮಾಡಿದರು’ ಎಂದು ಕೆದಕುವ ಬದಲು ‘ಅಲ್ಲಿಗೆ ಹೋಗುವ ದಿನ ಬೆಳಿಗ್ಗೆ ಮನೆ ಹೇಗಿತ್ತು’ ಎಂದು ಕೇಳಿ. ಹಿಂಸೆಯನ್ನು ಮತ್ತೊಮ್ಮೆ ಅನುಭವಿಸುವ ಹೊರೆ ಅವರ ಮೇಲೆ ಬೀಳುವುದಿಲ್ಲ, ನಿಮಗೂ ಸಿನಿಮಾಕ್ಕೆ ಬೇಕಾದ ವಿವರವೇ ಸಿಗುತ್ತದೆ: ಇಡ್ಲಿ ಕಟ್ಟಿಕೊಂಡು ಹೋಗಿದ್ದು, ಅಕ್ಕನಿಗೆ ಸುಳ್ಳು ಹೇಳಿದ್ದು, ಹೊಸ ಅಂಗಿ ಹಾಕಿಸಿದ್ದು. ಮಾತನ್ನು ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ. ಫೈಲಿಗೆ ಅವರ ಹೆಸರಿಡಬೇಡಿ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಎಡಿಟಿಂಗ್ ಮುಗಿದ ಮೇಲೂ ‘ನನ್ನ ವಿವರ ತೆಗೆಯಿರಿ’ ಎನ್ನುವ ಹಕ್ಕು ಅವರಿಗಿದೆ ಎಂದು ಮೊದಲೇ ಹೇಳಿ.

3. ಒಂದೇ ದಿನ ಆರಿಸಿಕೊಳ್ಳಿ. ಹನ್ನೆರಡು ನಿಮಿಷದಲ್ಲಿ ಬಾಲ್ಯ, ಪ್ರೇಮ, ಸಿಕ್ಕಿಬಿದ್ದದ್ದು, ಚಿಕಿತ್ಸೆ, ಬಿಡುಗಡೆ ಎಲ್ಲ ತುರುಕಿದರೆ ಪ್ರತಿಯೊಂದೂ ಸುದ್ದಿಯ ತುಣುಕಾಗುತ್ತದೆ. ಉದಾಹರಣೆಗೆ ಹೀಗೊಂದು ಮಾಡಬಹುದು. ತಿಪಟೂರಿನ ಪಿಯುಸಿ ಹುಡುಗ ಅಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಪಕ್ಕದ ಮನೆಯವರಿಗೆ ‘ತಲೆನೋವು ತೋರಿಸೋಕೆ’ ಎಂದು ಹೇಳಿದ್ದಾರೆ. ಬಸ್ಸು, ಕ್ಲಿನಿಕ್ಕಿನ ಬೆಂಚು, ಮೆಡಿಕಲ್ ಶಾಪು. ಮೂರೇ ಜಾಗ, ಇಬ್ಬರೇ ಮುಖ್ಯ ಪಾತ್ರಗಳು. ಬಸ್ಸಿನಲ್ಲಿ ಮಾತು ಹೀಗೆ ಸಾಗುತ್ತದೆ:

‘ಎಳನೀರು ಕುಡೀತೀಯೇನೋ?’
‘ಬೇಡಪ್ಪ.’
‘ಡಾಕ್ಟ್ರು ಕೇಳಿದ್ದಕ್ಕೆ ಮುಚ್ಚುಮರೆ ಇಲ್ದೆ ಹೇಳ್ಬಿಡು. ಎರಡ್ ಮೂರ್ ತಿಂಗಳು ಮಾತ್ರೆ ತಗೊಂಡ್ರೆ ಹೋಗುತ್ತಂತೆ.’
‘ವಾಪಸ್ ಬಸ್ಸು ಎಷ್ಟೊತ್ತಿಗಪ್ಪಾ?’

ಇಲ್ಲಿ ‘ಗೇ’ ಎಂಬ ಮಾತಿಲ್ಲ, ‘ಕನ್ವರ್ಷನ್ ಥೆರಪಿ’ ಎಂಬ ಮಾತೂ ಇಲ್ಲ. ಆ ಅಪ್ಪ ಅದನ್ನು ಬಾಯಲ್ಲಿ ಆಡಲಾರ, ಆ ಭಾರವನ್ನು ನೋಡುಗರೇ ಹೊರುತ್ತಾರೆ. ಸಂಭಾಷಣೆಯನ್ನು ಆಯಾ ಊರಿನ ಮಾತಿನಲ್ಲೇ ಬರೆಯಿರಿ. ಕಲಬುರಗಿಯ ಅಪ್ಪ ತಿಪಟೂರಿನವನಂತೆ ಮಾತಾಡಿದರೆ ಕಥೆ ಅಲ್ಲಿಗೇ ಸತ್ತಿತು.

4. ಶಬ್ದದಿಂದ ಕಥೆ ಹೇಳಿ. ಇಂಥ ಹುಡುಗ ತನ್ನ ಬಗ್ಗೆ ನಡೆಯುವ ಮಾತನ್ನು ಎದುರಿಗೆ ಕೇಳುವುದಿಲ್ಲ, ಗೋಡೆಯಾಚೆಯಿಂದ ಕೇಳುತ್ತಾನೆ. ಅಮ್ಮ ಚಿಕ್ಕಮ್ಮನಿಗೆ ಫೋನು ಮಾಡುವ ಮೊದಲು ಮಿಕ್ಸಿ ಹಾಕುತ್ತಾಳೆ, ಮಗನಿಗೆ ಕೇಳಬಾರದೆಂದು. ಕ್ಯಾಮೆರಾ ಹುಡುಗನ ಮುಖದ ಮೇಲಿರಲಿ. ಮಿಕ್ಸಿ ನಿಂತ ಕ್ಷಣಕ್ಕೆ ಅರ್ಧ ವಾಕ್ಯ ಮಾತ್ರ ಕೇಳಲಿ: ‘…ಯಾರಿಗೂ ಹೇಳ್ಬೇಡ ಕಣೇ.’ ಕರೆಂಟಿನ ದೃಶ್ಯಕ್ಕಿಂತ ಇದು ಹೆಚ್ಚು ನೋಯಿಸುತ್ತದೆ, ಏಕೆಂದರೆ ಉಳಿದರ್ಧವನ್ನು ನೋಡುವವರು ತಮ್ಮ ಮನೆಯ ದನಿಯಲ್ಲೇ ತುಂಬಿಕೊಳ್ಳುತ್ತಾರೆ. ಹಾಗಾಗಿ ಇರುವ ಸ್ವಲ್ಪ ದುಡ್ಡನ್ನು ಲೆನ್ಸಿನ ಬಾಡಿಗೆಗೆ ಸುರಿಯುವ ಬದಲು ಒಳ್ಳೆಯ ಮೈಕಿಗೆ ಹಾಕಿ. ಕೋಣೆಯ ಮೌನವನ್ನು ಒಂದು ನಿಮಿಷ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಬೇಕೇ ಬೇಕಾಗುತ್ತದೆ.

5. ನಟನಿಗೆ ‘ಗುಣವಾದ’ ನಟನೆಯನ್ನು ಕಲಿಸಿ. ಈ ಪಾತ್ರದ ಕಷ್ಟವಿರುವುದು ಅಳುವಿನಲ್ಲಿ ಅಲ್ಲ, ಗುಣವಾದವನಂತೆ ನಟಿಸುವ ಹುಡುಗನನ್ನು ನಟಿಸುವುದರಲ್ಲಿ. ನಗುವನ್ನು ಅರ್ಧಕ್ಕೇ ನಿಲ್ಲಿಸುವುದು, ಕೈಯಾಡಿಸುತ್ತಾ ಮಾತಾಡುತ್ತಿದ್ದವನು ಕೈಗಳನ್ನು ಜೇಬಿಗೆ ಹಾಕಿಕೊಳ್ಳುವುದು, ಕೇಳುವ ಮೊದಲೇ ಫೋನನ್ನು ಅಮ್ಮನ ಕೈಗೆ ಕೊಟ್ಟು ಮಲಗುವುದು. ಚಿತ್ರದ ಮೊದಲ ಎರಡು ನಿಮಿಷದಲ್ಲಿ ಅವನು ಹೇಗೆ ನಗುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಚೆನ್ನಾಗಿ ತೋರಿಸಿದ್ದರೆ ಮಾತ್ರ ಕೊನೆಯಲ್ಲಿ ಕಳೆದುಹೋದದ್ದು ಏನೆಂದು ಕಾಣುತ್ತದೆ. ಮನೆಯವರು ‘ಮಗ ಸರಿಹೋದ’ ಎಂದು ಸಿಹಿ ಹಂಚುವ ದೃಶ್ಯದಲ್ಲಿ ಆ ನಡಿಗೆ ಸಾಕು, ಹಿನ್ನೆಲೆ ಸಂಗೀತವೂ ಬೇಡ.

6. ಡಾಕ್ಟರ ಪಾತ್ರವನ್ನು ಎಚ್ಚರದಿಂದ ಕಟ್ಟಿ. ಅವನು ಸಭ್ಯನಾಗಿರಲಿ, ‘ನಾವಿದೀವಲ್ಲ, ಹೆದರಬೇಡಿ’ ಎನ್ನುವವನಾಗಿರಲಿ. ಜೊತೆಗೆ ಕಾನೂನನ್ನು ತಿಳಿದಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಮಾಜದ ನೈತಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಕನ್ವರ್ಷನ್ ಥೆರಪಿ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಅಂದರೆ ಇದನ್ನು ಮಾಡುವ ವೈದ್ಯನ ವಿರುದ್ಧ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಆಯೋಗದ ಕೈ ವೈದ್ಯರವರೆಗೆ ಮಾತ್ರ ಚಾಚುತ್ತದೆ. ಮಂತ್ರವಾದಿ, ಸ್ವಯಂಘೋಷಿತ ‘ಲೈಫ್ ಕೋಚ್’ ಇವರೆಲ್ಲ ಅದರಾಚೆಗೆ ಉಳಿಯುತ್ತಾರೆ. ನಿಮ್ಮ ಪಾತ್ರ ಯಾರೆಂದು ಮೊದಲೇ ತೀರ್ಮಾನಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಚಿತ್ರ ನೋಡಿದ ಹುಡುಗನಿಗೆ ‘ಮನೋವೈದ್ಯರೆಂದರೇ ಹೀಗೆ’ ಎಂಬ ಹೆದರಿಕೆ ಹುಟ್ಟಬಾರದು. ಮನೆಯವರ ಒತ್ತಡದಿಂದ ಖಿನ್ನತೆಗೆ ಬಿದ್ದ ಹುಡುಗನಿಗೆ ಆ ಖಿನ್ನತೆಗೆ ಚಿಕಿತ್ಸೆ ಬೇಕಾಗಬಹುದು, ಅವನ ಒಲವಿಗೆ ಚಿಕಿತ್ಸೆ ಬೇಡ. ಈ ಗೆರೆ ತೋರಿಸಲು ಒಂದೇ ದೃಶ್ಯ ಸಾಕು. ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬಳು ಅಪ್ಪನಿಗೆ ‘ಹುಡುಗ ನಿದ್ದೆ ಮಾಡ್ತಿಲ್ಲ, ಊಟ ಬಿಟ್ಟಿದಾನೆ, ಅದಕ್ಕೆ ನೋಡ್ತೀನಿ. ನೀವು ಹೇಳಿದ ವಿಷಯಕ್ಕೆ ಔಷಧಿ ಇಲ್ಲ, ಬೇಕಾಗೂ ಇಲ್ಲ’ ಎನ್ನಲಿ. ನಮ್ಮ ಊರುಗಳಲ್ಲಿ ಹೀಗೆ ಹೇಳುವ ವೈದ್ಯರಿದ್ದಾರೆ, ಅವರಿಗೂ ತೆರೆಯ ಮೇಲೆ ಜಾಗ ಸಿಗಬೇಕು.

7. ಲೊಕೇಶನ್. ಸರ್ಕಾರಿ ಬಸ್ಸಿನಲ್ಲಿ ಚಿತ್ರೀಕರಣಕ್ಕೆ ನಿಗಮದ ಅನುಮತಿ ಬೇಕು. ಅದು ಸಿಗದಿದ್ದರೆ ಕಾಲೇಜಿನ ಬಸ್ಸನ್ನೇ ಬಳಸಿ, ಕಿಟಕಿಗೆ ಒತ್ತಿ ಬಿಗಿಯಾದ ಫ್ರೇಮಿಡಿ. ನಿಜವಾದ ಕ್ಲಿನಿಕ್ಕಿನ ಬೋರ್ಡು, ವೈದ್ಯರ ಹೆಸರು ಫ್ರೇಮಿನಲ್ಲಿ ಬರಬಾರದು.

ಎಚ್ಚರಿಕೆಗಳು

ಹದಿಹರೆಯದ ಪಾತ್ರಕ್ಕೆ 18 ದಾಟಿದ ನಟನನ್ನೇ ಆರಿಸಿ. ಹದಿನೆಂಟು ತುಂಬದವರನ್ನು ಲೈಂಗಿಕವಾಗಿ ಚಿತ್ರಿಸುವುದು ಪೋಕ್ಸೊ ಕಾಯ್ದೆಯಡಿ ಗಂಭೀರ ಅಪರಾಧ. 2019ರ ತಿದ್ದುಪಡಿಯ ನಂತರ, ಮಗುವಿನಂತೆ ಕಾಣಿಸುವ ಹಾಗೆ ಸೃಷ್ಟಿಸಿದ ಅಂಥ ಚಿತ್ರಗಳೂ ಅದರ ವ್ಯಾಪ್ತಿಗೆ ಬಂದಿವೆ. ನಟ ವಯಸ್ಕನಾದರೂ ಪಾತ್ರ ಹದಿನೇಳರದ್ದಾದ್ದರಿಂದ ಲೈಂಗಿಕ ದೃಶ್ಯ ಬೇಡವೇ ಬೇಡ. ಕಥೆಗೂ ಅದು ಬೇಕಿಲ್ಲ, ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಕೇಳುವ ಹಾಡು ಸಾಕು. ತಮ್ಮ, ತಂಗಿಯ ಪಾತ್ರಕ್ಕೆ 14ರ ಒಳಗಿನ ಮಕ್ಕಳು ಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಬಾಲಕಾರ್ಮಿಕ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ಅವರಿಂದ ಕೆಲಸ ಮಾಡಿಸುವಂತಿಲ್ಲ.

ನಟನ ಜೊತೆ ಮೊದಲೇ ಕೂತು ಮಾತಾಡಿ. ಚಿತ್ರ ಬಿಡುಗಡೆಯಾದ ಮೇಲೆ ಹಾಸ್ಟೆಲಿನಲ್ಲಿ, ಊರಿನಲ್ಲಿ ಅವನನ್ನು ಚುಡಾಯಿಸುವವರು ಇರುತ್ತಾರೆ. ‘ನೀನೂ ಹಾಗೇನಾ’ ಎಂದು ಕೇಳುತ್ತಾರೆ. ಉತ್ತರಿಸುವ ಹೊಣೆ ಅವನದ್ದಲ್ಲ ಎಂದು ಇಡೀ ತಂಡಕ್ಕೆ ಗೊತ್ತಿರಲಿ. ತಂಡದಲ್ಲಿ ಯಾರಾದರೂ ಟೈಟಲ್ ಕಾರ್ಡಿನಲ್ಲಿ ತಮ್ಮ ಹೆಸರು ಬೇಡ ಎಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಆತ್ಮಹತ್ಯೆಯ ವಿಧಾನವನ್ನು ತೋರಿಸಲೇಬೇಡಿ. ನೋಡುವವರಲ್ಲಿ ಅದೇ ಅಂಚಿನಲ್ಲಿ ನಿಂತವನೊಬ್ಬ ಇರಬಹುದು, ತೆರೆಯ ಮೇಲೆ ಕಂಡ ವಿಧಾನ ಅವನಿಗೆ ದಾರಿಯಾಗಬಾರದು. ನೆಟ್‌ಫ್ಲಿಕ್ಸ್‌ನಂಥ ದೊಡ್ಡ ಸಂಸ್ಥೆಯೇ ‘13 ರೀಸನ್ಸ್ ವೈ’ ಸರಣಿಯ ಅಂಥ ದೃಶ್ಯವನ್ನು 2019ರಲ್ಲಿ ಕತ್ತರಿಸಿ ತೆಗೆಯಿತು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ರಜ್ಞೆಯಲ್ಲಿರುವ ಹುಡುಗನಿಗೆ ಆಸ್ಪತ್ರೆಯಲ್ಲಿ ಕರೆಂಟು ಕೊಡುವ ದೃಶ್ಯ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇಸಿಟಿ (ಮೆದುಳಿಗೆ ಕರೆಂಟು ಕೊಡುವ ಚಿಕಿತ್ಸೆ) ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಪ್ರಾಪ್ತರಿಗೆ ಮಾಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಬೇಕು. ತೀವ್ರ ಖಿನ್ನತೆಯಲ್ಲಿ ಜೀವ ಉಳಿಸುವ ಈ ಚಿಕಿತ್ಸೆಯನ್ನು ಚಿತ್ರಹಿಂಸೆಯಾಗಿ ತೋರಿಸಿದರೆ ಅದು ನಿಜವಾಗಿ ಬೇಕಾದ ರೋಗಿಯ ಮನೆಯವರು ಹೆದರಿ ಹಿಂದೆಗೆಯುತ್ತಾರೆ.

ಹುಡುಗನನ್ನು ‘ಹೆಣ್ಣಿಗ’ನಂತೆ ಮಾಡಿ ನಗಿಸುವುದು, ಗೇ ಹುಡುಗನನ್ನೂ ಟ್ರಾನ್ಸ್ ವ್ಯಕ್ತಿಯನ್ನೂ ಒಂದೇ ಎಂದುಕೊಳ್ಳುವುದು. ಸಂಚಾರಿ ವಿಜಯ್ ನಟಿಸಿದ ‘ನಾನು ಅವನಲ್ಲ ಅವಳು’ (2015) ಟ್ರಾನ್ಸ್ ಮಹಿಳೆಯ ಕಥೆ. ನಿಮ್ಮ ಹುಡುಗ ತಾನು ಗಂಡು ಎಂದೇ ತಿಳಿದವನು, ಅವನ ಪ್ರೀತಿ ಗಂಡಿನ ಕಡೆಗೆ. ಬರೆಯುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಅದು ವೇಷಭೂಷಣದಲ್ಲೇ ಬಯಲಾಗುತ್ತದೆ.

‘ಚಿಕ್ಕಂದಿನಲ್ಲಿ ಯಾರೋ ದೌರ್ಜನ್ಯ ಮಾಡಿದ್ದರು, ಅದಕ್ಕೇ ಹೀಗಾದ’ ಎಂಬ ಫ್ಲ್ಯಾಶ್‌ಬ್ಯಾಕ್. ಇದನ್ನು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ, ಅನುಕಂಪ ಹುಟ್ಟಲಿ ಎಂದು. ಆದರೆ ಕಾರಣ ಹುಡುಕಿದ ಕ್ಷಣವೇ ನಿಮ್ಮ ಚಿತ್ರ ಅವನನ್ನು ಸರಿಮಾಡಿಸಲು ಹೊರಟವರ ಪಕ್ಷ ಸೇರುತ್ತದೆ. ಕಾರಣವಿದ್ದರೆ ಔಷಧಿಯೂ ಇರಬೇಕಲ್ಲ ಎಂದು ನೋಡುವ ಅಪ್ಪ ಯೋಚಿಸುತ್ತಾನೆ.

ಅಮ್ಮ ಅತ್ತು ತಬ್ಬಿಕೊಂಡು ‘ನೀನು ಹೇಗಿದ್ರೂ ನನ್ನ ಮಗ’ ಎನ್ನುವ ಅಂತ್ಯವೂ ಸಾವಿನ ಅಂತ್ಯದಷ್ಟೇ ಸುಲಭದ್ದು. ಒಂದು ಸಂಜೆಯಲ್ಲಿ ಮನೆಗಳು ಹಾಗೆ ಬದಲಾಗುವುದಿಲ್ಲ. ತಿಪಟೂರಿನ ಅಪ್ಪ ಮೆಡಿಕಲ್ ಶಾಪಿನ ಮುಂದೆ ನಿಂತು ಚೀಟಿ ಚಾಚಿ, ‘ಇದು ಯಾತಕ್ಕೆ ಕೊಡೋ ಮಾತ್ರೆ?’ ಎಂದು ಕೇಳಲಿ. ಅಂಗಡಿಯವನು ‘ನಿದ್ದೇದು’ ಎನ್ನಲಿ. ಅಪ್ಪ ಮೊದಲ ಸಲ ಮಗನ ಮುಖ ನೋಡಲಿ. ಅವನು ಮಾತ್ರೆ ಕೊಂಡನೋ ಬಿಟ್ಟನೋ, ಅದು ನಿಮ್ಮ ತೀರ್ಮಾನ. ಆ ಒಂದು ಪ್ರಶ್ನೆ ಕೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತು ಎಂಬುದು ಕಂಡರೆ ಸಾಕು.

ತೋರಿಸುವಾಗ

ಕಾಲೇಜಿನಲ್ಲಿ ಪ್ರದರ್ಶಿಸುವ ಮೊದಲು ಚಿತ್ರದಲ್ಲಿ ಏನಿದೆ ಎಂದು ಎರಡು ಮಾತಿನಲ್ಲಿ ಹೇಳಿ, ಎದ್ದುಹೋಗಲು ಬಾಗಿಲು ತೆರೆದಿರಲಿ, ಸಾಧ್ಯವಾದರೆ ಕಾಲೇಜಿನ ಕೌನ್ಸೆಲರ್ ಸಭೆಯಲ್ಲಿ ಇರಲಿ. ಆ ಕೌನ್ಸೆಲರಿಗೆ ಚಿತ್ರವನ್ನು ಮೊದಲೇ ತೋರಿಸಿ, ಅವರ ನಿಲುವನ್ನೂ ತಿಳಿದುಕೊಳ್ಳಿ. ಚರ್ಚೆಯಲ್ಲಿ ಯಾರ ಖಾಸಗಿ ಬದುಕನ್ನೂ ಕೇಳುವಂತಿಲ್ಲ ಎಂದು ಮೊದಲೇ ಹೇಳಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಚೀಟಿಯಾದರೆ ಯಾರು ಬರೆದರೆಂದು ಗೊತ್ತಾಗುವುದಿಲ್ಲ, ನಿಜವಾದ ಪ್ರಶ್ನೆಗಳು ಆಗಲೇ ಬರುವುದು. ಯೂಟ್ಯೂಬಿಗೆ ಹಾಕುವುದಾದರೆ ಕಾಮೆಂಟ್ ಮುಚ್ಚಿ. ಥಂಬ್‌ನೇಲಿನಲ್ಲಿ ಕೆಂಪಕ್ಷರದ ‘ಗೇ’ ಬೇಡ, ಮನೆಯವರ ಪಕ್ಕದಲ್ಲಿ ಕೂತ ಹುಡುಗನೂ ಅದನ್ನು ಒತ್ತುವಂತಿರಬೇಕು. ಶ್ರೀಧರ್ ರಂಗಾಯನ್ 2010ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಕಶಿಶ್ ಚಿತ್ರೋತ್ಸವಕ್ಕೂ ಬೆಂಗಳೂರು ಕ್ವೀರ್ ಚಿತ್ರೋತ್ಸವಕ್ಕೂ ಕಳಿಸಿ ನೋಡಿ. ಇಂಗ್ಲಿಷ್ ಸಬ್‌ಟೈಟಲ್ ಕೈಯಿಂದಲೇ ಬರೆಯಿರಿ, ‘ಕಣೋ’, ‘ಮಗಾ’ಗಳನ್ನು ಯಂತ್ರ ನುಂಗಿಹಾಕುತ್ತದೆ.

ಕೊನೆಯ ಕಾರ್ಡಿನಲ್ಲಿ ಸಹಾಯವಾಣಿಗಳನ್ನು ಹಾಕಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್‌ನ ಸಂಖ್ಯೆ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 18ರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098. ಪ್ರದರ್ಶನಕ್ಕೆ ಮೊದಲು ಎರಡೂ ಸಂಖ್ಯೆಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಕಾರ್ಡನ್ನು ಎರಡು ಸೆಕೆಂಡಿಗೆ ಮಾಯ ಮಾಡಬೇಡಿ, ಹಿಂದಿನ ಸಾಲಿನಲ್ಲಿ ಕೂತವರು ಯಾರಿಗೂ ಕಾಣದಂತೆ ಫೋನು ತೆಗೆದು ಸಂಖ್ಯೆ ಬರೆದುಕೊಳ್ಳುವಷ್ಟು ಹೊತ್ತು ತೆರೆಯ ಮೇಲೆ ಇರಲಿ.